ಲ್ಯಾಪ್‌ಟಾಪ್ ಸ್ಲೋ ಆಗಿದ್ದಕ್ಕೆ ಪ್ರೊಸೆಸರ್ ಬದಲಿಸಬೇಕಾ? ಮೊದಲು ಇಷ್ಟು ನೋಡಿ

"ಸರ, ಇದು ಭಾಳ ಸ್ಲೋ ಆಗೇತ್ರಿ. ಐ7 ಹಾಕಿ ಕೊಡ್ರಿ. ರೊಕ್ಕ ಎಷ್ಟಾಗತೈತಿ ಹೇಳ್ರಿ."

ಬಾಗಲಕೋಟೆಯ ನವನಗರದಲ್ಲಿ ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಈ ಮಾತು ಹೇಳಿಕೊಂಡು ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಬಂದವರು ಬನಹಟ್ಟಿಯ ಪವರ್‌ಲೂಮ್ ಮಾಲೀಕರು. ಸೀರೆಯ ಅಂಚು, ಸೆರಗಿನ ಡಿಸೈನ್ ಮಾಡುವ ಲ್ಯಾಪ್‌ಟಾಪ್ ತಂದಿದ್ದರು. ಒಳಗೆ ಇಂಟೆಲ್ ಐ5-3210ಎಂ ಪ್ರೊಸೆಸರ್, ಐ7ಗಿಂತ ಒಂದು ಮೆಟ್ಟಿಲು ಕೆಳಗಿನದ್ದು. "ಪ್ರೊಸೆಸರ್ ಹಳೇದಾಗೇತಿ" ಅಂತ ಯಾರೋ ಅವರ ತಲೆಗೆ ತುಂಬಿದ್ದರು.

ಹಳೆಯದು ಹೌದು, 2012ರ ಚಿಪ್ ಅದು. ಆದರೆ ಎರಡು ವರ್ಷದ ಹಿಂದೆ ಇದೇ ಚಿಪ್, ಇದೇ ಸಾಫ್ಟ್‌ವೇರ್‌ನಲ್ಲಿ ಇದೇ ತರಹದ ಡಿಸೈನ್‌ಗಳನ್ನು ತಕರಾರಿಲ್ಲದೆ ಓಡಿಸುತ್ತಿತ್ತು. ಚಿಪ್ ಏನು ಹಾಲಲ್ಲ, ದಿನ ಕಳೆದಂತೆ ಹುಳಿಯಾಗೋಕೆ. ಅದಕ್ಕೇ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಮೊದಲಿಂದಲೂ ಸ್ಲೋ ಇತ್ತಾ, ಈಗೀಗ ಸ್ಲೋ ಆಗಿದೆಯಾ? ಈಗೀಗ ಆಗಿದೆ ಅಂದರೆ ಹತ್ತಕ್ಕೆ ಒಂಬತ್ತು ಸಲ ತಪ್ಪು ಪ್ರೊಸೆಸರ್‌ದಲ್ಲ. ಯಾವುದೋ ಒಂದು ಅದರ ಕತ್ತು ಹಿಡಿದಿರುತ್ತದೆ, ಅದನ್ನು ಹುಡುಕಬೇಕು. ಮೊದಲಿಂದಲೂ ಇಷ್ಟೇ, ಈಗ ಕೆಲಸ ದೊಡ್ಡದಾಗಿದೆ ಅಂದರೆ ಮಾತ್ರ ಪ್ರೊಸೆಸರ್ ಲೆಕ್ಕ ಶುರು.

ಸ್ಲೋ ಇರುವಾಗಲೇ ನೋಡಿ

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಪರೀಕ್ಷೆಗೆ ಕೂರಬೇಡಿ. ಹದಿನೈದು ನಿಮಿಷ ಬಿಡಿ, ಹಿಂದೆ ಓಡುವ ಅಪ್‌ಡೇಟ್, ಆಂಟಿವೈರಸ್ ಎಲ್ಲ ತಣ್ಣಗಾಗಲಿ. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಆಮೇಲೆ ನಿಮಗೆ ಸಿಟ್ಟು ಬರಿಸುವ ಕೆಲಸವನ್ನೇ ಮಾಡಿ. ವಿಡಿಯೋ ಎಕ್ಸ್‌ಪೋರ್ಟ್ (ಎಡಿಟ್ ಮಾಡಿದ್ದನ್ನು ಫೈಲ್ ಆಗಿ ಹೊರತೆಗೆಯುವುದು) ಆಗಬಹುದು, ಡ್ರಾಯಿಂಗ್ ತೆರೆಯುವುದಾಗಬಹುದು. ಅದು ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ.

ಮೊದಲು ಡಿಸ್ಕ್ ಸಾಲು. ಅದು 100 ಪರ್ಸೆಂಟ್‌ಗೆ ಅಂಟಿಕೊಂಡು ಕೂತಿದೆ, ಆದರೆ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಅಷ್ಟೇ, ಪ್ರೊಸೆಸರ್ 10-15 ಪರ್ಸೆಂಟ್‌ನಲ್ಲಿ ಆಕಳಿಸುತ್ತಿದೆ. ಇದು ಹಳೇ ತಿರುಗುವ ಹಾರ್ಡ್‌ಡಿಸ್ಕ್‌ನ ಕಥೆ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರ ಟ್ಯಾಲಿ ಲ್ಯಾಪ್‌ಟಾಪ್ ಹೀಗೇ ಇತ್ತು. ಅದರ ಬದಲು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ವೇಗದ ಡ್ರೈವ್ ಹಾಕಿ ಕೊಟ್ಟೆ. ಐ7 ಮಾತು ಅವರು ಮತ್ತೆ ತೆಗೆಯಲೇ ಇಲ್ಲ.

ಆಮೇಲೆ ಮೆಮೊರಿ. ನಾಲ್ಕು ಜಿಬಿ ರ‍್ಯಾಮ್ ಇದ್ದು ಅದು 90 ಪರ್ಸೆಂಟ್ ತುಂಬಿದ್ದರೆ ಎಂಟಕ್ಕೆ ಏರಿಸಿ, ಬೇರೆ ಮಾತು ಬೇಡ. ಇಂಥ ಹಳೇ ಇಂಟೆಲ್ ಪ್ರೊಸೆಸರ್ ಯಾವ ಜನರೇಷನ್ (ತಲೆಮಾರು) ಅಂತ ಹೆಸರಿನ ಗೆರೆಯಾಚೆಯ ಮೊದಲ ಅಂಕಿ ಹೇಳುತ್ತದೆ, ಐ5-3210ಎಂ ಮೂರನೆಯದು. ಮೂರನೇ ಜನರೇಷನ್‌ವರೆಗಿನ ಲ್ಯಾಪ್‌ಟಾಪ್‌ಗಳಿಗೆ ಡಿಡಿಆರ್3 ಅನ್ನುವ ಬಗೆಯ ಮೆಮೊರಿ ನಡೆಯುತ್ತದೆ, ನಾಲ್ಕನೆಯದಕ್ಕೆ ಕಡಿಮೆ ವೋಲ್ಟೇಜಿನ ಡಿಡಿಆರ್3ಎಲ್ ಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಆ ಕೊನೆಯ ಅಕ್ಷರ ಮರೆಯಬೇಡಿ.

ಇವೆರಡೂ ಸರಿ ಇದ್ದರೆ ಸಿಪಿಯು, ಅಂದರೆ ಪ್ರೊಸೆಸರ್ ಪುಟಕ್ಕೆ ಬನ್ನಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ.

25 ಪರ್ಸೆಂಟ್ ಅಂದರೆ ಖಾಲಿ ಅಂತಲ್ಲ

ಗ್ರಾಫ್ ಮೇಲೆ ಮೌಸ್‌ನ ಬಲಗಡೆ ಬಟನ್ ಒತ್ತಿದರೆ ಅದನ್ನು ಲಾಜಿಕಲ್ ಪ್ರೊಸೆಸರ್‌ಗಳಿಗೆ ಬದಲಿಸುವ ಆಯ್ಕೆ ಸಿಗುತ್ತದೆ. ಒಂದು ದೊಡ್ಡ ಚೌಕದ ಬದಲು ನಾಲ್ಕೋ ಎಂಟೋ ಚಿಕ್ಕ ಚೌಕ ಬರುತ್ತವೆ. ಐ5-3210ಎಂನಲ್ಲಿ ಎರಡು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), ಅಂದರೆ ನಾಲ್ಕು ಚೌಕ. ಒಂದೇ ಥ್ರೆಡ್‌ನಲ್ಲಿ ಓಡುವ ಕೆಲಸ ಅದನ್ನು ಪೂರ್ತಿ ಹಿಂಡಿ ಹಾಕಿದರೂ ಒಟ್ಟು ಲೆಕ್ಕ ತೋರಿಸುವುದು ಸುಮಾರು 25 ಪರ್ಸೆಂಟ್. ನೋಡಿದವರು "ಇನ್ನೂ ಮುಕ್ಕಾಲು ಭಾಗ ಖಾಲಿ ಇದೆಯಲ್ಲ" ಅಂತಾರೆ. ಖಾಲಿ ಇರುವುದು ನಿಜ, ಆದರೆ ಆ ಕೆಲಸಕ್ಕೆ ಅದು ಸಿಗುವುದಿಲ್ಲ. ನಾಲ್ಕು ಎತ್ತು ಇವೆ, ಹಗ್ಗ ಕಟ್ಟಿರುವುದು ಒಂದಕ್ಕೆ ಮಾತ್ರ.

ಎಂಜಿನಿಯರಿಂಗ್ ಡ್ರಾಯಿಂಗ್ ಮಾಡುವ ಆಟೋಕ್ಯಾಡ್‌ನಲ್ಲಿ ಬಹಳಷ್ಟು ಕೆಲಸ ಹೀಗೇ ಒಂದೇ ಥ್ರೆಡ್ ಮೇಲೆ ನಡೆಯುತ್ತದೆ. ವಿದ್ಯಾಗಿರಿ ಕಡೆಯ ಎಂಜಿನಿಯರಿಂಗ್ ಹುಡುಗರು ನಾಲ್ಕು ಕೋರಿನ ಐ7 ಬೇಕು ಅಂತ ಬಂದರೆ ನಾನು ಈ ಚೌಕಗಳನ್ನು ತೋರಿಸಿ ವಾಪಸ್ ಕಳಿಸುತ್ತೇನೆ. ಒಂದು ಕೋರಿನ ವೇಗ ಏರದೆ ಹೋದರೆ ಕೋರ್ ಎಷ್ಟಿದ್ದರೂ ಅವರ ಡ್ರಾಯಿಂಗ್ ಬೇಗ ತೆರೆಯುವುದಿಲ್ಲ. ವಿಡಿಯೋ ಎಕ್ಸ್‌ಪೋರ್ಟ್ ಇದಕ್ಕೆ ಪೂರ್ತಿ ಉಲ್ಟಾ. ಎಲ್ಲ ಚೌಕಗಳೂ ನೆತ್ತಿಗೆ ಏರಿ ಅಲ್ಲೇ ನಿಲ್ಲುತ್ತವೆ. ಅಂಥ ಕಡೆ ಜಾಸ್ತಿ ಕೋರ್ ಇದ್ದರೆ ಲಾಭ ಇದೆ.

ಅದೇ ಪುಟದಲ್ಲಿ ಕೆಳಗೆ ಸ್ಪೀಡ್ ಅಂತ ಇನ್ನೊಂದು ಅಂಕಿ ಇದೆ, ಗಿಗಾಹರ್ಟ್ಸ್‌ನಲ್ಲಿ. ಪರ್ಸೆಂಟ್‌ಗಿಂತ ಇದು ಮುಖ್ಯ. ಪಕ್ಕದಲ್ಲೇ ಬೇಸ್ ಸ್ಪೀಡ್ ಕೂಡ ಇರುತ್ತದೆ. ಕೆಲಸ ಓಡುವಾಗ ಸ್ಪೀಡ್ ಈ ಬೇಸ್‌ಗಿಂತ ಮೇಲಿರಬೇಕು, ಹೋಗಲಿ, ಅದರಷ್ಟಾದರೂ ಇರಬೇಕು. ಬನಹಟ್ಟಿಯವರ ಲ್ಯಾಪ್‌ಟಾಪ್‌ನ ಬೇಸ್ 2.5. ಟರ್ಬೋದಲ್ಲಿ, ಅಂದರೆ ಕೆಲಸ ಜಾಸ್ತಿ ಇದ್ದಾಗ ತಾನಾಗಿ ವೇಗ ಏರಿಸಿಕೊಂಡರೆ, ಅದು 3.1ರವರೆಗೆ ಹೋಗಬಲ್ಲದು. ನನ್ನ ಟೇಬಲ್ ಮೇಲೆ ಡಿಸೈನ್ ತೆರೆದು ಹತ್ತು ನಿಮಿಷ ಆಗುವಷ್ಟರಲ್ಲಿ ಅದು 1.2ಕ್ಕೆ ಇಳಿದು ಅಲ್ಲೇ ಕೂತಿತು. ನಾಲ್ಕೂ ಚೌಕ ತುಂಬಿವೆ, ವೇಗ ಮಾತ್ರ ಅರ್ಧಕ್ಕಿಂತ ಕಡಿಮೆ.

ಇಂಥ ಲ್ಯಾಪ್‌ಟಾಪ್‌ಗೆ ಐ7 ಹಾಕಿದರೂ ಅದೂ 1.2ರಲ್ಲೇ ಕೂರುತ್ತದೆ. ಸುಮ್ನೆ ರೊಕ್ಕ ದಂಡ.

ವೇಗ ಇಳಿದಿದ್ದರೆ ಕಾರಣ ಎಲ್ಲಿ?

ಮೊದಲ ಅನುಮಾನ ಬಿಸಿ. ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಹಾಕಿದರೆ ಪ್ರೊಸೆಸರ್‌ನ ತಾಪಮಾನ ಕಾಣುತ್ತದೆ. ಈ ಐ5ನ ಗರಿಷ್ಠ ಮಿತಿ 105 ಡಿಗ್ರಿ ಸೆಲ್ಸಿಯಸ್. ಅದರ ಹತ್ತಿರ ಹೋದರೆ ಚಿಪ್ ತಾನೇ ವೇಗ ತಗ್ಗಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ಅದನ್ನೇ ಥ್ರಾಟ್ಲಿಂಗ್ ಅಂತಾರೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಫ್ಯಾನ್ ಒಳಗೆಳೆಯುವ ಗಾಳಿಯೇ ಬಿಸಿ. ಚಳಿಗಾಲದಲ್ಲಿ ಚೆನ್ನಾಗಿದ್ದ ಲ್ಯಾಪ್‌ಟಾಪ್ ಯುಗಾದಿ ಆದಮೇಲೆ ಸ್ಲೋ ಆಯ್ತು ಅಂದರೆ ನಾನು ಸ್ಕ್ರೂಡ್ರೈವರ್‌ಗೇ ಕೈ ಹಾಕುತ್ತೇನೆ.

ಬನಹಟ್ಟಿಯದನ್ನು ಬಿಚ್ಚಿದೆ. ಫ್ಯಾನಿನ ರೆಕ್ಕೆಗಳು ಹೊರಗಿಂದ ನೋಡಿದರೆ ಸಾಫ್ ಇದ್ದವು. ಮನೆಯಲ್ಲಿ ಬ್ಲೋವರ್ ಹೊಡೆದವರು ಇಷ್ಟು ನೋಡಿ ಮುಚ್ಚಿಬಿಡುತ್ತಾರೆ. ಕಸ ಇರುವುದು ರೆಕ್ಕೆಯಲ್ಲಲ್ಲ. ಫ್ಯಾನ್‌ಗೂ ಬಿಸಿ ಗಾಳಿ ಹೊರಹೋಗುವ ತೆಳು ಪಟ್ಟಿಗಳ ಜಾಲರಿಗೂ ನಡುವೆ ಒಂದು ಸಂದಿ ಇದೆ, ಅಲ್ಲಿ. ಫ್ಯಾನಿನ ನಾಲ್ಕು ಸ್ಕ್ರೂ ತೆಗೆದು ಎತ್ತಿದಾಗ ಆ ಸಂದಿಯಲ್ಲಿ ಬೂದು ಬಣ್ಣದ ಒಂದು ಪಟ್ಟಿ ಸಿಕ್ಕಿತು. ಚಿಮಟದಿಂದ ಎಳೆದರೆ ಒಂದೇ ತುಂಡಾಗಿ ಬಂತು. ಕಂಬಳಿಯ ಅಂಚು ಕತ್ತರಿಸಿದ ಹಾಗೆ, ದಪ್ಪ, ಮೆತ್ತಗೆ. ಬೆಳಕಿಗೆ ಹಿಡಿದರೆ ನಡುನಡುವೆ ಕೆಂಪು, ಹಸಿರು ನೂಲಿನ ಎಳೆ. ಎರಡು ವರ್ಷ ಮಗ್ಗದ ಪಕ್ಕದಲ್ಲಿದ್ದ ಲ್ಯಾಪ್‌ಟಾಪ್ ತಾನೂ ಒಂದು ಬಟ್ಟೆ ನೇಯ್ದಿಟ್ಟಿತ್ತು! ಮಾಲೀಕರು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ನಮ್ಮ ನೂಲಾ ಐತ್ರಿ" ಅಂತ ನಕ್ಕರು.

ಚಿಪ್‌ನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದು ಹಾಕಿದೆ. ಒಂದು ಜೋಳದ ಕಾಳಿನಷ್ಟು ಸಾಕು, ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಬಳಿಯಬೇಡಿ. ಅದೇ ಡಿಸೈನ್ ತೆರೆದರೆ ತಾಪ 80ರ ಆಸುಪಾಸು, ವೇಗ 2.9. ಪೇಸ್ಟೂ ಸೇರಿ ಅವರಿಗೆ ಆದ ಖರ್ಚು 700 ರೂಪಾಯಿ. ಐ7 ಮಾತು ಅಲ್ಲಿಗೇ ನಿಂತಿತು.

ಬಿಸಿ ಇಲ್ಲದೆಯೂ ವೇಗ ಇಳಿದಿದ್ದರೆ ಚಾರ್ಜರ್ ನೋಡಿ. ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಮಾತ್ರ ಸ್ಲೋ, ಬ್ಯಾಟರಿಯ ಮೇಲೆ ಚೆನ್ನಾಗಿ ಓಡುತ್ತಿತ್ತು. ಕೇಳಿದರೆ ಯಾರಿಗಾದರೂ ಉಲ್ಟಾ ಅನಿಸುತ್ತದೆ ಅಲ್ವಾ? ಚಾರ್ಜರ್ ಹಾಕಿದರೆ ವೇಗ 0.8, ಚಾರ್ಜೂ ಏರುವುದಿಲ್ಲ. ಅವನು ಮೂಲ ಚಾರ್ಜರ್ ಸುಟ್ಟಾಗ ರಸ್ತೆಬದಿಯಲ್ಲಿ ಒಂದು ಅಗ್ಗದ್ದು ಕೊಂಡಿದ್ದ. ಕೆಲವು ಲ್ಯಾಪ್‌ಟಾಪ್‌ಗಳ ಚಾರ್ಜರ್ ಮೂತಿಯ ನಡುವೆ ಸೂಜಿಯಂಥ ಪಿನ್ ಇರುತ್ತದೆ. ಇದು ಎಷ್ಟು ವ್ಯಾಟಿನ ಚಾರ್ಜರ್ ಅಂತ ಲ್ಯಾಪ್‌ಟಾಪ್‌ಗೆ ಗೊತ್ತಾಗುವುದು ಅದರಿಂದಲೇ. ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಯಾಕಪ್ಪಾ ಅಪಾಯ ಅಂತ ಪ್ರೊಸೆಸರ್‌ನ ವೇಗಕ್ಕೆ ಲಗಾಮು ಹಾಕುತ್ತದೆ. ಆ ಪಿನ್ ಸೊಟ್ಟಗಾದರೂ ಇದೇ ಕಥೆ. ಸರಿಯಾದ ಚಾರ್ಜರ್ ಹಾಕಿ ನೋಡಿ, ಅಷ್ಟೇ.

ಇನ್ನು ಪವರ್ ಆಪ್ಷನ್ಸ್ ಒಳಗೆ ಪ್ರೊಸೆಸರ್‌ನ ಗರಿಷ್ಠ ಮಟ್ಟ ಅಂತ ಒಂದು ಸಾಲು ಇದೆ. ಬಿಸಿ ಕಡಿಮೆ ಮಾಡಲು ಯಾರೋ ಅದನ್ನು 50ಕ್ಕೆ ಇಟ್ಟು ಮರೆತಿರುತ್ತಾರೆ. 99 ಇದ್ದರೂ ಟರ್ಬೋ ನಿಂತುಹೋಗುತ್ತದೆ. 100ಕ್ಕೆ ತನ್ನಿ.

ಬಿಚ್ಚಿದಾಗ ಬ್ಯಾಟರಿ ಉಬ್ಬಿದ್ದು ಕಂಡರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ತೆಗೆಸಿ. ಅದು ವೇಗದ ಪ್ರಶ್ನೆಯಲ್ಲ, ಬೆಂಕಿಯದ್ದು.

ಎಲ್ಲ ಸರಿ ಇದೆ, ಆದರೂ ಸಾಲುತ್ತಿಲ್ಲ

ಡಿಸ್ಕ್ ಎಸ್‌ಎಸ್‌ಡಿ, ಮೆಮೊರಿಯಲ್ಲಿ ಜಾಗ ಇದೆ, ತಾಪ ಹದದಲ್ಲಿದೆ, ವೇಗ ಪೂರ್ತಿ ಬರುತ್ತಿದೆ, ಎಲ್ಲ ಚೌಕಗಳೂ 100ಕ್ಕೆ ನಿಂತಿವೆ. ಈಗ ಪ್ರೊಸೆಸರ್ ಸಾಲುತ್ತಿಲ್ಲ ಅನ್ನಬಹುದು. ಇಂಥದ್ದು ನನ್ನ ಬಳಿ ಬರುವುದು ಅಪರೂಪ. ಇಳಕಲ್‌ನಲ್ಲಿ ಮದುವೆ ವಿಡಿಯೋ ಮಾಡುವ ಒಬ್ಬರದ್ದು ಹಾಗಿತ್ತು. ಐ3-3110ಎಂ, ಎಂಟು ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಆ ಐ3ಗೆ ಟರ್ಬೋ ಇಲ್ಲ, 2.4ರಲ್ಲಿ ಅದು ಪ್ರಾಮಾಣಿಕವಾಗಿ ದುಡಿಯುತ್ತಿತ್ತು. ಒಂದು ಮದುವೆಯ ಎಕ್ಸ್‌ಪೋರ್ಟ್‌ಗೆ ಒಂದು ಗಂಟೆ ಐವತ್ತು ನಿಮಿಷ.

ಬದಲಿಸಬಹುದಾ ಅನ್ನುವುದು ಮುಂದಿನ ಪ್ರಶ್ನೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಉತ್ತರ ಸರಳ: ಆಗುವುದಿಲ್ಲ. ಇಂಟೆಲ್‌ನ ಐದನೇ ಜನರೇಷನ್‌ನಿಂದ ಮುಂದಕ್ಕೆ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳೂ ಹಾಗೇ. ಹೆಸರಿನ ಕೊನೆಗೆ ಯು ಇದ್ದರೆ ಹಳೆಯದಾದರೂ ಬೆಸುಗೆಯದ್ದೇ. ಮೆಷಿನ್‌ನಲ್ಲಿ ಕಾಯಿಸಿ ತೆಗೆದು ಬೇರೆ ಕೂರಿಸುವವರು ಇದ್ದಾರೆ. ಆದರೆ ಆ ಖರ್ಚು, ಆ ಅಪಾಯಕ್ಕೆ ನಾನಂತೂ ಯಾರಿಗೂ ಹೂಂ ಅನ್ನುವುದಿಲ್ಲ.

ಸಾಕೆಟ್, ಅಂದರೆ ಚಿಪ್ ತೆಗೆದು ಬೇರೆ ಹಾಕಬಹುದಾದ ಗೂಡು ಇರುವುದು ನಾಲ್ಕನೇ ಜನರೇಷನ್‌ವರೆಗೆ, ಅದೂ ಎಲ್ಲದರಲ್ಲೂ ಅಲ್ಲ. ಎರಡನೆಯ, ಮೂರನೆಯ ಜನರೇಷನ್‌ಗಳದ್ದು ಒಂದೇ ಸಾಕೆಟ್, 988 ಪಿನ್‌ದು. ನಾಲ್ಕನೆಯದು ಬೇರೆ. ಮೂರನೆಯದರ ಬೋರ್ಡಿಗೆ ನಾಲ್ಕನೆಯದು ಕೂರುವುದಿಲ್ಲ. ನಾಲ್ಕನೆಯದರಲ್ಲಿ ಎಂಕ್ಯೂ ಅಂತ ಮುಗಿದರೆ ಸಾಕೆಟ್, ಎಚ್‌ಕ್ಯೂ ಅಂತ ಮುಗಿದರೆ ಬೆಸುಗೆ.

ಇಷ್ಟು ಗೊತ್ತಿದ್ದೂ ನಾನೊಮ್ಮೆ ಬಿದ್ದಿದ್ದೇನೆ. ಬೇರೊಂದು ಲ್ಯಾಪ್‌ಟಾಪ್‌ನಲ್ಲಿ ಐ5-3210ಎಂ ಹೆಸರು ನೋಡಿದೆ, ಕೊನೆಗೆ ಎಂ ಇದೆ, ಸಾಕೆಟ್ಟೇ ಇರಬೇಕು ಅಂದುಕೊಂಡು ಆನ್‌ಲೈನ್‌ನಲ್ಲಿ ಹಳೇ ಐ7 ತರಿಸಿದೆ. ಪಾರ್ಸೆಲ್ ಬಂದಮೇಲೆ ಬಿಚ್ಚಿದರೆ ಚಿಪ್ ಬೋರ್ಡಿಗೆ ಅಂಟಿ ಕೂತಿದೆ! ಆ ಒಂದೇ ಹೆಸರಿನಲ್ಲಿ ಇಂಟೆಲ್ ಎರಡು ತರಹ ಮಾರಿತ್ತು, ಪಿನ್ ಇರುವುದೂ ಬೆಸುಗೆಯದ್ದೂ. ಈಗ ಪ್ರೊಸೆಸರ್‌ನ ವಿವರ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಂನಲ್ಲಿ ಪ್ಯಾಕೇಜ್ ಸಾಲು ನೋಡದೆ ಒಂದು ರೂಪಾಯಿ ಕಳಿಸುವುದಿಲ್ಲ. ಅಲ್ಲಿ ಆರ್‌ಪಿಜಿಎ (ಪಿನ್ ಇರುವುದು) ಅಂತ ಇರಬೇಕು, ಬಿಜಿಎ (ಬೆಸುಗೆಯದ್ದು) ಅಂತ ಇದ್ದರೆ ಅಲ್ಲಿಗೆ ಮುಗೀತು. ಆಮೇಲೂ ಚಿಪ್‌ನ ಬಿಸಿ ಹೀರುವ ಲೋಹದ ಭಾಗ, ಹೀಟ್‌ಸಿಂಕ್ ಎತ್ತಿ ಕಣ್ಣಾರೆ ನೋಡುತ್ತೇನೆ. ಸಾಕೆಟ್ ಆದರೆ ಅದರ ಅಂಚಿನಲ್ಲಿ ಒಂದು ಪುಟ್ಟ ಸ್ಕ್ರೂ, ಪಕ್ಕದಲ್ಲಿ ಬೀಗದ ಗುರುತು ಇರುತ್ತದೆ.

ಕೂತರೆ ಸಾಲದು, ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ, ಅದನ್ನು ಗುರುತಿಸಲೂಬೇಕು. ನನಗೆ ನಂಬಿಕೆ ಇರುವ ಪುರಾವೆ ಒಂದೇ: ನಿಮ್ಮದೇ ಮಾಡೆಲ್ ಲ್ಯಾಪ್‌ಟಾಪನ್ನು ಕಂಪನಿ ಆ ಪ್ರೊಸೆಸರ್ ಹಾಕಿ ಮಾರಿತ್ತಾ? ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬಿಡಿಭಾಗಗಳ ಪಟ್ಟಿ ಇರುತ್ತದೆ, ಅದರಲ್ಲಿ ಹುಡುಕಿ. ವ್ಯಾಟ್ ಕೂಡ ನೋಡಿ. ಐ3-3110ಎಂ 35 ವ್ಯಾಟ್. ಐ7-3632ಕ್ಯೂಎಂ ನಾಲ್ಕು ಕೋರ್ ಇದ್ದೂ 35 ವ್ಯಾಟ್. ಐ7-3630ಕ್ಯೂಎಂ 45. ಹೆಸರಿನಲ್ಲಿ ಒಂದು ಅಂಕಿಯ ವ್ಯತ್ಯಾಸ, ಬಿಸಿಯಲ್ಲಿ ಹತ್ತು ವ್ಯಾಟಿನದ್ದು. 35 ವ್ಯಾಟಿಗೆ ಮಾಡಿದ ಹೀಟ್‌ಸಿಂಕ್ ಕೆಳಗೆ 45ರದ್ದು ಹಾಕಿದರೆ ಬನಹಟ್ಟಿಯ ಕಥೆ ನೂಲಿಲ್ಲದೆಯೇ ಮತ್ತೆ ನಡೆಯುತ್ತದೆ.

ರೊಕ್ಕದ ಲೆಕ್ಕ

ಎರಡು ಕೋರಿನ ಐ5ನಿಂದ ಎರಡು ಕೋರಿನ ಐ7ಗೆ ಹೋಗುವುದು ನನ್ನ ಪ್ರಕಾರ ಶುದ್ಧ ದಡ್ಡತನ. ಐ5-3210ಎಂನ ಗರಿಷ್ಠ ವೇಗ 3.1, ಐ7-3520ಎಂದು 3.6. ಸುಮಾರು 16 ಪರ್ಸೆಂಟ್ ಜಾಸ್ತಿ. ಹತ್ತು ನಿಮಿಷದ ಕೆಲಸ ಎಂಟೂವರೆ ನಿಮಿಷದಲ್ಲಿ ಮುಗಿಯುತ್ತದೆ. ಮುಚ್ಚಳದ ಮೇಲಿನ ಸ್ಟಿಕರ್ ಬದಲಾಗಿದ್ದೇ ಲಾಭ.

ಇಳಕಲ್‌ನವರದ್ದು ಬೇರೆ. ಎರಡು ಕೋರಿನಿಂದ ನಾಲ್ಕಕ್ಕೆ, ಟರ್ಬೋ ಇಲ್ಲದ್ದರಿಂದ ಇರುವುದಕ್ಕೆ. ಅವರ ಮಾಡೆಲ್ ಐ7-3632ಕ್ಯೂಎಂನೊಂದಿಗೂ ಮಾರಾಟವಾಗಿತ್ತು. ಹಳೇ ಚಿಪ್‌ಗೆ 3,200, ಪೇಸ್ಟ್‌ಗೆ 250, ನನ್ನ ಕೂಲಿ 600. ಒಟ್ಟು 4,050 ರೂಪಾಯಿ. ನಾನು ಅವರಿಗೆ ಕೇಳಿದೆ: "ಎಕ್ಸ್‌ಪೋರ್ಟ್ ಆಗೋವಾಗ ನೀವು ಕಾಯ್ತೀರೋ, ರಾತ್ರಿ ಹಚ್ಚಿ ಮಲಗ್ತೀರೋ?" ಮಲಗುವವರಾದರೆ ಎರಡು ತಾಸೂ ಒಂದೇ, ಒಂದು ತಾಸೂ ಒಂದೇ, ಖರ್ಚು ಬೇಡ. ಅವರು, "ಇಲ್ರಿ ಸರ, ಸೀಜನ್‌ನ್ಯಾಗ ದಿನಾ ಎರಡು ಇರತಾವ. ಬೀಗರು ಮುಂದ ಕುಂತಿರತಾರ" ಅಂದರು. ಹಾಗಾದರೆ ಸರಿ ಅಂತ ಹಾಕಿದೆ.

ಅದು 2023ರ ಮಾತು. ಇವತ್ತು ಅದೇ ಲ್ಯಾಪ್‌ಟಾಪ್ ತಂದರೆ ನಾನು ಬಹುಶಃ ಬೇಡ ಅಂತೀನಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಅಥವಾ ಆಮೇಲಿನದ್ದು ಬೇಕು. ಮೂರನೆಯದರಲ್ಲಿ ಐ3 ತೆಗೆದು ಐ7 ಹಾಕಿದರೂ ಆ ಬಾಗಿಲು ತೆರೆಯುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು ಬಳಸುವವರಿಗೆ ಈ ಮಾತು ಅನ್ವಯಿಸದು. ಆದರೆ ಅಂಥವರು ಈ ಪ್ರಶ್ನೆ ಹಿಡಿದು ನನ್ನ ಹತ್ತಿರ ಬರುವುದೂ ಇಲ್ಲ!

ಕಂಪನಿಗಳಲ್ಲಿ ಬಳಸಿ ಬಿಟ್ಟ ಎಂಟನೇ ಜನರೇಷನ್ ಲ್ಯಾಪ್‌ಟಾಪ್‌ಗಳು ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ. ಅವುಗಳಲ್ಲಿ ಜಾಸ್ತಿ ಕಾಣುವ ಐ5-8250ಯುನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್, ಟರ್ಬೋ 3.4, ಬಳಕೆ 15 ವ್ಯಾಟ್ ಮಾತ್ರ. ಹೋದ ಸಲ ಬೆಳಗಾವಿಗೆ ಹೋದಾಗ ಅಂಥದ್ದೊಂದಕ್ಕೆ 17,000 ಹೇಳಿದರು. ನನ್ನ ಅಳತೆ ಹೀಗೆ: ಬದಲಾವಣೆಯ ಒಟ್ಟು ಖರ್ಚು ಅಂಥ ಲ್ಯಾಪ್‌ಟಾಪ್‌ನ ಬೆಲೆಯ ಕಾಲು ಭಾಗ ದಾಟಬಾರದು, ಮತ್ತು ಕೆಲಸದ ಸಮಯ ಅರ್ಧಕ್ಕೆ ಇಳಿಯಬೇಕು. ಎರಡರಲ್ಲಿ ಒಂದು ತಪ್ಪಿದರೂ ರೊಕ್ಕ ಕೂಡಿಡಿ. ಎಸ್‌ಎಸ್‌ಡಿಗೆ ಹಾಕಿದ ದುಡ್ಡು ಸುಮ್ನೆ ಹೋಗುವುದಿಲ್ಲ, ಸಾಟಾ ಎಸ್‌ಎಸ್‌ಡಿಯನ್ನು ಒಂದು ಕೇಸ್‌ಗೆ ಹಾಕಿದರೆ ಹೊರಗಿನ ಡ್ರೈವ್ ಆಗುತ್ತದೆ. ಹಳೇ ಸಾಕೆಟ್‌ನ ಚಿಪ್‌ಗೆ ಆ ಪುನರ್ಜನ್ಮ ಇಲ್ಲ.

ಹಾಕುವುದೇ ಆದರೆ

ಮೊದಲು ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಹೊಸದು ಹಾಕಿ ಪರದೆ ಕಪ್ಪಾದಮೇಲೆ ಅದನ್ನು ಮಾಡಲು ಬರುವುದಿಲ್ಲ. ಎರಡನೇ ಜನರೇಷನ್ ಬೋರ್ಡಿಗೆ ಮೂರನೆಯದು ಹಾಕುವವರು ಇದನ್ನು ಎರಡು ಸಲ ಓದಿ.

ಚಾರ್ಜರ್ ತೆಗೆದು, ಬ್ಯಾಟರಿ ಬಿಡಿಸಿ, ಆನ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಹೀಟ್‌ಸಿಂಕ್‌ನ ಸ್ಕ್ರೂಗಳ ಪಕ್ಕ ಅಂಕಿ ಇರುತ್ತವೆ. ಬಿಚ್ಚುವಾಗ ಕೊನೆಯ ಅಂಕಿಯಿಂದ, ಹಾಕುವಾಗ ಮೊದಲ ಅಂಕಿಯಿಂದ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ. ಸಾಕೆಟ್‌ನ ಸ್ಕ್ರೂವನ್ನು ತೆರೆದ ಬೀಗದ ಗುರುತಿನ ಕಡೆ ತಿರುಗಿಸಿದರೆ ಚಿಪ್ ತಾನೇ ಸಡಿಲವಾಗುತ್ತದೆ. ಮೂಲೆಯಲ್ಲಿ ಚಿಕ್ಕ ತ್ರಿಕೋನ ಇದೆ, ಸಾಕೆಟ್‌ನಲ್ಲೂ ಅದರ ಜೋಡಿ ಇದೆ. ಎರಡೂ ಒಂದೇ ಮೂಲೆಗೆ ಬರಲಿ. ಚಿಪ್ ತನ್ನ ಭಾರಕ್ಕೇ ಕೂರಬೇಕು. ಒತ್ತಿದಿರೋ, ಪಿನ್ ಮಡಚಿತು. ಸ್ಕ್ರೂ ವಾಪಸ್ ತಿರುಗಿಸಿ ಬೀಗ ಹಾಕುವುದನ್ನು ಮರೆತು ಮುಚ್ಚಿದವರು ಬಹಳ ಜನ. ನಾನೂ ಅದರಲ್ಲೊಬ್ಬ.

ಆನ್ ಮಾಡಿದಾಗ ಮೊದಲ ಸಲ ಪರದೆ ತಡವಾಗಿ ಬಂದರೆ ಗಾಬರಿ ಬೇಡ, ಒಂದು ನಿಮಿಷ ಕಾಯಿರಿ. ಬಯೋಸ್‌ನಲ್ಲಿ ಹೊಸ ಹೆಸರು ಕಾಣಬೇಕು. ಆಮೇಲೆ ಮೊದಲು ಮಾಡಿದ ಅದೇ ಕೆಲಸವನ್ನು ಅದೇ ಫೈಲ್‌ನಲ್ಲಿ ಮತ್ತೆ ಮಾಡಿ, ಗಡಿಯಾರ ಹಿಡಿದು. ಇಳಕಲ್‌ನವರದ್ದು 55 ನಿಮಿಷಕ್ಕೆ ಮುಗಿಯಿತು. ತಾಪ ಮಾತ್ರ 78ರಿಂದ 91ಕ್ಕೆ ಏರಿತ್ತು. ಮಿತಿಯೊಳಗೇ ಇದೆ, ಆದರೆ ಬೇಸಿಗೆಗೆ ಮುಂಚೆ ಒಮ್ಮೆ ಫ್ಯಾನ್ ಬಿಚ್ಚಿಸಿ ಸಾಫ್ ಮಾಡಿಸಿ ಅಂತ ಹೇಳಿ ಕಳಿಸಿದೆ.

ತೆಗೆದ ಹಳೇ ಚಿಪ್ ಎಸೆಯಬೇಡಿ. ಹೊಸದು ಕೈಕೊಟ್ಟರೆ, ಇಲ್ಲಾ ಬಯೋಸ್ ಮತ್ತೆ ಅಪ್‌ಡೇಟ್ ಮಾಡುವಾಗ ಎಡವಟ್ಟಾದರೆ ಅದೇ ಬೇಕಾಗುತ್ತದೆ. ಇಳಕಲ್‌ನವರ ಐ3ಯನ್ನು ನಾನು ಒಂದು ಥರ್ಮೋಕೋಲ್ ತುಂಡಿನಲ್ಲಿ ಚುಚ್ಚಿಡಲು ಹೋಗಿ ಕೈ ತಡೆದೆ, ಅದರಲ್ಲಿ ಚಿಪ್ ಕೆಡಿಸುವ ಸ್ಟ್ಯಾಟಿಕ್ ಕರೆಂಟ್ ಜಾಸ್ತಿ. ಐ7 ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು, ಮೇಲೆ ಲ್ಯಾಪ್‌ಟಾಪ್ ಮಾಡೆಲ್ ಬರೆದು ಅವರ ಕೈಗೆ ಕೊಟ್ಟೆ.